ಇಷ್ಟು ಚಂದದ ಸಾಗುವಾನಿಗೆ ಬಣ್ಣ ಬಳಿಯಲೇಬೇಕಾ ಮಾರಾಯ್ರೆ?

ಕಲ್ಯಾಣಪುರದವ (ಜುಲೈ 24, ರಾತ್ರಿ 9:40)

ನಮಸ್ಕಾರ. ನಾನು ಅಂಚೆ ಇಲಾಖೆಯಿಂದ ರಿಟೈರ್ ಆದವ. ಎರಡು ವರ್ಷದ ಹಿಂದೆ ನಮ್ಮ ಹಳೇ ಮನೆ ಕೆಡವಿದೆವು. ಅಜ್ಜನ ಕಾಲದ್ದು, ತೊಲೆಗಳೆಲ್ಲ ಸಾಗುವಾನಿ. ದೊಡ್ಡ ತುಂಡು ಮಾರಿ ಆಯಿತು. ಚೂರುಪಾರು ಉಳಿಯಿತು. ಬಚ್ಚಲು ಒಲೆಗೆ ಹಾಕಲು ಮನಸ್ಸು ಬರಲಿಲ್ಲ. ಅದರಲ್ಲಿ ಒಂದು ಹಡಗು ಮಾಡುತ್ತಿದ್ದೇನೆ.

ಹಡಗಿನ ಹೆಸರು ಟ್ರಿಂಕೋಮಲಿ. ಬ್ರಿಟಿಷ್ ನೌಕಾಪಡೆಯ ಫ್ರಿಗೇಟ್, ಅಂದರೆ ಮಧ್ಯಮ ಗಾತ್ರದ ಯುದ್ಧನೌಕೆ. ಹೆಸರು ಲಂಕೆಯದ್ದು, ಕಟ್ಟಿದ್ದು ಬೊಂಬಾಯಿಯಲ್ಲಿ, ಮರ ಮಲಬಾರಿನ ತೇಗ. ಪಾರ್ಸಿಗಳ ವಾಡಿಯಾ ಮನೆತನದ ಜಮ್ಶೆಟ್ಜಿ ಬೊಮಂಜಿ ಕಟ್ಟಿದ್ದು. 1817ರ ಅಕ್ಟೋಬರ್ 12ಕ್ಕೆ ನೀರಿಗಿಳಿಯಿತು. ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಈಗಲೂ ತೇಲುತ್ತಾ ಉಂಟು. ಇದರ ನಕ್ಷೆ ಲಂಡನ್ನಿಂದ ಬೊಂಬಾಯಿಗೆ ಬರುವಾಗ ಒಂದು ಕಥೆ ಆಗಿದೆ. ನಕ್ಷೆ ಹೊತ್ತು ಬರುತ್ತಿದ್ದ ಜಾವಾ ಎಂಬ ಹಡಗನ್ನು 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ಕರಾವಳಿಯ ಹತ್ತಿರ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಎಂಬ ಹಡಗು ಸೋಲಿಸಿತು. ನಕ್ಷೆ ಅಲ್ಲಿಗೇ ಹೋಯಿತು. ಇನ್ನೊಂದು ಪ್ರತಿ ಕಳುಹಿಸಬೇಕಾಯಿತು. ಅಂಚೆಯವನಾದ್ದರಿಂದ ನನಗೆ ಹಡಗಿಗಿಂತ ಈ ಕಥೆಯೇ ಜಾಸ್ತಿ ಇಷ್ಟ. ಟಪಾಲು ಕಳೆದರೆ ಎಂತ ಮಾಡುವುದು, ಇನ್ನೊಮ್ಮೆ ಕಳುಹಿಸುವುದು.

ನೂರಕ್ಕೆ ಒಂದರ ಅಳತೆ. ಅಸಲು ಹಡಗು 150 ಅಡಿ, ನನ್ನದು ಒಂದೂವರೆ ಅಡಿ. ಹಲಗೆ ಹೊದಿಸಿ ಮುಗಿಯಿತು. ಉಜ್ಜಿದ ಮೇಲೆ ಮರ ಹೇಗೆ ಕಾಣುತ್ತದೆ ಗೊತ್ತುಂಟಾ? ಹೊಸ ಬೆಲ್ಲದ ಹಾಗೆ. ನೂರು ವರ್ಷ ಹೊಗೆ ತಿಂದ ಮರ ಅಂತ ಹೇಳಲಿಕ್ಕೇ ಆಗುವುದಿಲ್ಲ.

ಇಲ್ಲಿಂದ ಮುಂದೆ ನನ್ನ ತಲೆಬಿಸಿ. ಹಾರ್ಟಲ್‌ಪೂಲ್‌ನ ಹಡಗಿನ ಫೋಟೋ ನೋಡಿದರೆ ಕಪ್ಪು ಮೈ, ತೋಪಿನ ಸಾಲಿಗೆ ಬಿಳಿ ಪಟ್ಟಿ. ಅದೇ ನೌಕಾಪಡೆಯ ಸೇನಾಪತಿ ನೆಲ್ಸನ್‌ನ ವಿಕ್ಟರಿ ಹಡಗಿನ ಹಳೇ ಚಿತ್ರ ನೋಡಿದರೆ ಕಪ್ಪು ಮತ್ತು ಗಾಢ ಹಳದಿ. ಹೊಸ ಫೋಟೋದಲ್ಲಿ ಅದೇ ವಿಕ್ಟರಿ ಮಾಸಲು ಗುಲಾಬಿ. ಮೊಮ್ಮಗ ಒಂದು ಅಕ್ರಿಲಿಕ್ ಹಳದಿ ತಂದುಕೊಟ್ಟ. ಒಂದು ಚೂರಿಗೆ ಬಳಿದು ನೋಡಿದೆ. ಚೀನಿಕಾಯಿ ಹೋಳಿನ ಹಾಗೆ ಆಯಿತು. ಛೇ.

ಬಣ್ಣವೇ ಬೇಡ, ಮರ ಕಾಣಲಿ ಅಂತ ಇನ್ನೊಂದು ಬದಿಗೆ ಫ್ರೆಂಚ್ ಪಾಲಿಶ್ (ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು) ಎಳೆದೆ. ಅದು ನನ್ನ ಬುದ್ಧಿಗೇಡು. ಆಟಿ ತಿಂಗಳು, ಹೊರಗೆ ಧೋ ಅಂತ ಮಳೆ. ಹತ್ತು ನಿಮಿಷದಲ್ಲಿ ಮೈಯೆಲ್ಲ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಇವಳು ನೋಡಿ "ಬೂದಿ ಬಳಿದ ಬೈರಾಗಿ ಆಗಿದೆ ನಿಮ್ಮ ಹಡಗು" ಅಂದಳು. ತೆಂಗಿನೆಣ್ಣೆ ಒರೆಸಿ ಅಂತ ಸಲಹೆ ಬೇರೆ.

ಆ ಕಾಲದಲ್ಲಿ ಮರದ ಯುದ್ಧನೌಕೆಗೆ ನಿಜಕ್ಕೂ ಎಂತ ಬಳಿಯುತ್ತಿದ್ದರು? ಯಾವ ಹಳದಿ? ಮರ ಕಾಣುವ ಹಾಗೆ ಬಿಡುವ ಪದ್ಧತಿ ಇತ್ತಾ? ತಿಳಿದವರು ಹೇಳಿ.


ಸುರತ್ಕಲ್ ಮೇಷ್ಟ್ರು (ಜುಲೈ 25, ಬೆಳಿಗ್ಗೆ 6:15)

ಕಲ್ಯಾಣಪುರದವರೇ, ಮೊದಲು ಆ ತೆಂಗಿನೆಣ್ಣೆ ಬಾಟಲಿ ಅಡುಗೆಮನೆಗೆ ವಾಪಸ್ ಇಡಿ. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವ ಹೇಳುತ್ತಿದ್ದೇನೆ. ತೆಂಗಿನೆಣ್ಣೆ ಯಾವತ್ತೂ ಒಣಗುವುದಿಲ್ಲ. ಅಂಟಂಟಾಗಿ ಕೂತು ಧೂಳು ಹಿಡಿದು ಕಡೆಗೆ ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಹಾಗಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿ ಪೊರೆ ಆಗುತ್ತದೆ. ಹಡಗಿನ ಬಣ್ಣದ ಗುಟ್ಟು ಎಲ್ಲ ಇರುವುದು ಈ ಎಣ್ಣೆಯಲ್ಲಿ. ಅದರೊಳಗೆ ಎಂತ ಪುಡಿ ಕಲಸುತ್ತೀರಿ ಅನ್ನುವುದು ಆಮೇಲಿನ ಮಾತು.

ಪುಡಿಯಾದರೂ ಎಂತದ್ದು? ಮಣ್ಣು. ಹಳದಿ ಮಣ್ಣು, ಕೆಂಪು ಮಣ್ಣು. ಕಪ್ಪಿಗೆ ದೀಪದ ಮಸಿ. ಬಿಳಿಗೆ ಸೀಸದ ಬಿಳಿ, ಅದು ವಿಷ, ಬಳಿಯುವವನ ಹೊಟ್ಟೆ ಹಿಂಡುತ್ತಿತ್ತು. ನಮ್ಮ ದೇವಸ್ಥಾನದ ಗೋಡೆಯ ಕಾವಿ ಉಂಟಲ್ವಾ, ಅದೂ ಇದೇ ಕಬ್ಬಿಣದ ತುಕ್ಕಿನ ಮಣ್ಣು. ನೀರಲ್ಲಿ ಅಥವಾ ಸುಣ್ಣದಲ್ಲಿ ಕಲಸಿದರೆ ಗೋಡೆಗೆ, ಅಗಸೆ ಎಣ್ಣೆಯಲ್ಲಿ ಕಲಸಿದರೆ ಹಡಗಿಗೆ. ಇಷ್ಟು ಬಣ್ಣ ಬಿಟ್ಟು ಬೇರೆ ಯಾಕೆ ಬಳಿಯಲಿಲ್ಲ ಅಂತ ಕೇಳಿದರೆ ಉತ್ತರ ಸುಲಭ. ಇವು ಅಗ್ಗ. ಬಿಸಿಲಿಗೆ ಮಾಸುವುದಿಲ್ಲ. ನೀಲಿ, ಹಸಿರಿಗೆ ದುಡ್ಡು ಬೇಕು. ಇಡೀ ನೌಕಾಪಡೆಗೆ ಬಳಿಯುವುದು ಅಂದರೆ ಸುಮ್ನೆ ಆಗುವುದಿಲ್ಲ.

ಈಗ ನಿಮ್ಮ ಹಳದಿ. ವಿಕ್ಟರಿ ನೀರಿಗಿಳಿದದ್ದು 1765ರಲ್ಲಿ, ನೆಲ್ಸನ್ ಅದರಲ್ಲಿ ನಿಂತು ಫ್ರೆಂಚರು, ಸ್ಪೇನಿನವರ ಮೇಲೆ ಹೋರಾಡಿದ ಟ್ರಫಾಲ್ಗರ್ ಯುದ್ಧ 1805ರ ಅಕ್ಟೋಬರ್ 21. ಈ ನಡುವೆ ಮತ್ತು ಆಮೇಲೆ ಅದಕ್ಕೆ ಎಷ್ಟು ಸಲ ಬಣ್ಣ ಬಿದ್ದಿದೆಯೋ. ಕೆಲವು ವರ್ಷದ ಹಿಂದೆ ತಜ್ಞರು ಹಡಗಿನ ಮೈಯಿಂದ ಬಣ್ಣದ ಚೂರು ತೆಗೆದು ಅಡ್ಡಕ್ಕೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಪದರದ ಮೇಲೆ ಪದರ, ಎಪ್ಪತ್ತಕ್ಕೂ ಜಾಸ್ತಿ. ಹಲಸಿನ ಹಪ್ಪಳ ಅಟ್ಟಿ ಇಟ್ಟ ಹಾಗೆ. ಅದರಲ್ಲಿ ಟ್ರಫಾಲ್ಗರ್ ಕಾಲದ ಪದರ ಹುಡುಕಿದಾಗ ಸಿಕ್ಕಿದ್ದು ತಿಳಿ ಬಣ್ಣ. ಹಳದಿಯೂ ಅಲ್ಲ, ಗುಲಾಬಿಯೂ ಅಲ್ಲ, ಎರಡರ ನಡುವಿನದ್ದು. 2015ರಲ್ಲಿ ಹಡಗಿಗೆ ಅದನ್ನೇ ಬಳಿದರು. ಅಷ್ಟು ವರ್ಷ ಜನ ನೋಡಿದ್ದ ಗಾಢ ಹಳದಿ ಹೋಯಿತು. ನೀವು ನೋಡಿದ ಎರಡು ಫೋಟೋದ ವ್ಯತ್ಯಾಸ ಅದೇ. ಫೋಟೋ ಕೆಟ್ಟದ್ದಲ್ಲ.

ಮರ ಕಾಣುವ ಹಾಗೆ ಬಿಡುತ್ತಿದ್ದರಾ ಅಂತ ಕೇಳಿದಿರಿ. ಬಿಡುತ್ತಿದ್ದರು, ಆದರೆ ನಿಮ್ಮ ಹಡಗಿಗಿಂತ ಮೊದಲು. 18ನೇ ಶತಮಾನದ ಹೆಚ್ಚಿನ ಕಾಲ ಇಂಗ್ಲಿಷರ ಹಡಗಿನ ಪಕ್ಕೆಗೆ ಬಣ್ಣ ಇರಲಿಲ್ಲ. ಪೈನ್ ಮರದ ರಾಳ, ಟರ್ಪೆಂಟೈನ್, ಎಣ್ಣೆ ಸೇರಿಸಿದ ವಾರ್ನಿಷ್ ಎಳೆಯುತ್ತಿದ್ದರು. ನೀರಿನ ಗೆರೆಯ ಮೇಲೆ ಉದ್ದಕ್ಕೆ ಓಡುವ ದಪ್ಪ ಹಲಗೆಗಳು ಮಾತ್ರ ಕಪ್ಪು. ವಾರ್ನಿಷ್ ಹಳತಾದ ಹಾಗೆ ಪಕ್ಕೆ ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಆಮೇಲೆ ಹಳದಿ ಮಣ್ಣಿನ ಬಣ್ಣ ಬಂತು. ದೂರದಿಂದ ನೋಡಿದರೆ ಹೆಚ್ಚು ಕಡಿಮೆ ಅದೇ. ತೋಪಿನ ಸಾಲು ಹಳದಿ, ನಡುವೆ ಕಪ್ಪು, ತೋಪಿನ ಕಿಂಡಿಯ ಬಾಗಿಲು ಕಪ್ಪು. ಬಾಗಿಲು ಮುಚ್ಚಿದರೆ ಚದುರಂಗದ ಮಣೆ. ನೆಲ್ಸನ್‌ನ ಹೆಸರಿನಲ್ಲಿ ಪ್ರಸಿದ್ಧವಾದ ಮಾದರಿ ಇದು. ನೆಪೋಲಿಯನ್ ಗಲಾಟೆ ಮುಗಿದ ಮೇಲೆ, ಅಂದರೆ 1815ರ ಆಚೀಚೆ, ಹಳದಿ ಹೋಗಿ ಬಿಳಿ ಬಂತು. ನಿಮ್ಮದು 1817ರ ಹಡಗು. ಸಂಧಿಕಾಲದ್ದು. ಹಳದಿ ಬಳಿದರೂ ಬಿಳಿ ಬಳಿದರೂ ಯಾರೂ ಜಗಳಕ್ಕೆ ಬರುವುದಿಲ್ಲ.

ಒಂದು ವಿಷಯ ಹೇಳಲೇಬೇಕು. ಆಗ ಹಡಗು ಹಡಗಿಗೂ ಬಣ್ಣ ಬೇರೆ. ಸರ್ಕಾರ ಕೊಡುವ ಬಣ್ಣ ಸಾಕಾಗುತ್ತಿರಲಿಲ್ಲ. ಶೋಕಿ ಇರುವ ಕ್ಯಾಪ್ಟನ್ ಸ್ವಂತ ಜೇಬಿನಿಂದ ಬಣ್ಣ, ಚಿನ್ನದ ರೇಕು ತಂದು ಬಳಿಸುತ್ತಿದ್ದ. ಯುದ್ಧದ ಹೊಗೆಯಲ್ಲಿ ನಮ್ಮ ಹಡಗು ಯಾವುದು, ಅವರದ್ದು ಯಾವುದು ಅಂತ ಗೊತ್ತಾಗಬೇಕಲ್ವಾ? ಅದಕ್ಕೆ ಟ್ರಫಾಲ್ಗರ್ ಮೊದಲು ನೆಲ್ಸನ್ ತನ್ನ ಹಡಗುಗಳ ಕೂವೆಮರದ (ಹಾಯಿ ಕಟ್ಟುವ ಕಂಬದ) ಕಬ್ಬಿಣದ ಬಳೆಗಳಿಗೂ ಹಳದಿ ಬಳಿಸಿದ. ಫ್ರೆಂಚರದ್ದು, ಸ್ಪೇನಿನವರದ್ದು ಕಪ್ಪು ಬಳೆ. ಪಕ್ಕೆ ಹೊಗೆಯಲ್ಲಿ ಮುಚ್ಚಿಹೋದರೂ ಕೂವೆಮರ ಮೇಲೆ ಕಾಣುತ್ತದೆ. ಲೆಕ್ಕಾಚಾರ ನೋಡಿ!

ಬೆಳ್ಳಗಾದ ಪಾಲಿಶ್‌ಗೆ ಹೆದರಬೇಡಿ. ಸ್ಪಿರಿಟ್ ಆವಿಯಾಗುವಾಗ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂರುತ್ತದೆ. ಎರಡು ದಿನ ಮಳೆ ಬಿಟ್ಟಾಗ, ಬಲ್ಬಿನ ಬಿಸಿಯಲ್ಲಿ ಇಟ್ಟು, ಬಟ್ಟೆಗೆ ಒಂದೆರಡು ಹನಿ ಸ್ಪಿರಿಟ್ ಹಾಕಿ ಮೆಲ್ಲ ಒರೆಸಿ. ಹೋಗುತ್ತದೆ.


ಕುಡ್ಲ ಕ್ಯಾಪ್ಟನ್ (ಜುಲೈ 25, ಬೆಳಿಗ್ಗೆ 10:02)

ಒಳಗೆ ಕೆಂಪು ಬಳಿಯಲು ಮರೆಯಬೇಡಿ ಅಂಕಲ್. ರಕ್ತ ಕಾಣಬಾರದು ಅಂತ ಒಳಗೆಲ್ಲ ಕೆಂಪು ಬಳಿಯುತ್ತಿದ್ದರಂತೆ.


ಸುರತ್ಕಲ್ ಮೇಷ್ಟ್ರು (ಜುಲೈ 25, ಬೆಳಿಗ್ಗೆ 10:30)

ಕ್ಯಾಪ್ಟನ್, ಈ ಕಥೆ ಎಲ್ಲರೂ ಹೇಳುತ್ತಾರೆ. ಕೇಳಲಿಕ್ಕೆ ಚಂದ. ಆದರೆ ಕೆಂಪು ಮಣ್ಣು ಎಲ್ಲಕ್ಕಿಂತ ಅಗ್ಗದ ಬಣ್ಣ. ಕಾರಣ ಅಲ್ಲಿಗೇ ಮುಗಿಯಿತು. ರಕ್ತ ಮುಚ್ಚಲಿಕ್ಕೇ ಆಗಿದ್ದರೆ ದೊಡ್ಡ ಯುದ್ಧಗಳ ಕಾಲದಲ್ಲೇ, 1800ರ ಹೊತ್ತಿಗೆ, ಒಳಗಿನ ಕೆಂಪು ಬಿಟ್ಟು ಹಳದಿ, ಬಿಳಿಗೆ ಯಾಕೆ ಹೋದರು? ತೋಪಿನ ಅಟ್ಟ (ಡೆಕ್) ಕತ್ತಲೆಯ ಗುಹೆ. ತಿಳಿ ಬಣ್ಣ ಇದ್ದರೆ ಸ್ವಲ್ಪವಾದರೂ ಬೆಳಕು. ಮತ್ತೆ ಒಣಗಿದ ರಕ್ತ ಕೆಂಪು ಇರುವುದಿಲ್ಲ ಮಾರಾಯ, ಕಪ್ಪಾಗುತ್ತದೆ.


ಬಂದರ್ ಹುಡುಗ (ಜುಲೈ 25, ರಾತ್ರಿ 11:20)

ಮೇಷ್ಟ್ರು ನೀರಿನ ಮೇಲಿನದ್ದು ಹೇಳಿದರು. ನಾನು ನೀರಿನ ಕೆಳಗಿನದ್ದು ಹೇಳುತ್ತೇನೆ. ಹಡಗು ಉಳಿಯುವುದು, ಸಾಯುವುದು ಎರಡೂ ಅಲ್ಲಿ.

ನಮ್ಮ ಮನೆ ಮಂಗಳೂರು ಹಳೇ ಬಂದರಿನ ಹತ್ತಿರ. ಅಜ್ಜ, ದೊಡ್ಡಪ್ಪ ಎಲ್ಲ ಮಂಜಿ ಕೆಲಸ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಇಟ್ಟಿಗೆ, ಜಲ್ಲಿ ಸಾಗಿಸುವ ಮರದ ಹಡಗು. 1956ರವರೆಗೆ ಅಮಿನಿದೀವಿ ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಅಂತ ಈಗಿನವರಿಗೆ ಹೇಳಿದರೆ ನಂಬುವುದಿಲ್ಲ.

ಮಳೆಗಾಲಕ್ಕೆ ಮಂಜಿ ಮೇಲೆ ಬರುತ್ತಿತ್ತು. ನಾನು ಐದನೇ ಕ್ಲಾಸು ಇರಬೇಕು. ಮೊದಲು ತಳ ಕೆರೆಯುವುದು. ಚಿಪ್ಪು, ಪಾಚಿ, ಮುರು ಎಲ್ಲ ಅಂಟಿ ತಳ ಹಲಸಿನ ಹಣ್ಣಿನ ಮೈ ಆಗಿರುತ್ತದೆ. ನಮ್ಮಂಥ ಮಕ್ಕಳಿಗೆ ಗೆರಟೆ ಕೊಟ್ಟು ಕೆರೆಯಲು ಕೂರಿಸುತ್ತಿದ್ದರು. ಆಮೇಲೆ ಒಣ ಮಡಲಿಗೆ ಬೆಂಕಿ ಹಚ್ಚಿ ತಳದ ಉದ್ದಕ್ಕೆ ಆಡಿಸುವುದು. ಹುಳ ಸಾಯಬೇಕು, ಹಳೇ ಎಣ್ಣೆ ಕರಗಬೇಕು, ಮರ ಸುಡಬಾರದು. ದೊಡ್ಡಪ್ಪ ಅಂಗೈ ಇಟ್ಟು ನೋಡುತ್ತಿದ್ದರು. ಕೈ ಇಡಲಿಕ್ಕೆ ಆದರೆ ಇನ್ನೂ ಆಡಿಸು, ಆಗದಿದ್ದರೆ ಸಾಕು. ಇಂಗ್ಲಿಷ್ ನೌಕಾಪಡೆಯವರೂ ಒಣ ಪೊದೆ ಉರಿಸಿ ಹೀಗೇ ಮಾಡುತ್ತಿದ್ದರು ಅಂತ ಆಮೇಲೆ ಓದಿದೆ. ಓದುವಾಗ ಮೂಗಿಗೆ ಆ ಹೊಗೆ ಬಂದ ಹಾಗಾಯಿತು.

ನಂತರ ಸಂದಿ. ಹಲಗೆ ಹಲಗೆ ನಡುವೆ ಹತ್ತಿಯ ಹುರಿ ತುರುಕಿ ಉಳಿಯಲ್ಲಿ ಬಡಿಯುವುದು. ಟಕ್ ಟಕ್ ಅಂತ ಇಡೀ ಬಂದರಿಗೆ ಕೇಳುತ್ತಿತ್ತು. ಸಂದಿ ತುಂಬಿದರೆ ಸದ್ದು ಬದಲಾಗುತ್ತದೆ. ಮೇಲಿನಿಂದ ಧೂಪದ ಮರದ ರಾಳ ಎಣ್ಣೆಯಲ್ಲಿ ಕುದಿಸಿ ಮೆತ್ತುವುದು. ಇಂಗ್ಲಿಷರು ಹತ್ತಿಯ ಬದಲು ಹಳೇ ಹಗ್ಗ ಬಿಚ್ಚಿದ ನಾರು ತುರುಕುತ್ತಿದ್ದರು. ಮೇಲೆ ಪೈನ್ ಮರದ ಡಾಂಬರು ಕುದಿಸಿ ಗಟ್ಟಿ ಮಾಡಿದ ಕಪ್ಪು ರಾಳ.

ಕಡೆಗೆ ಎಣ್ಣೆ. ಮೇಲಿನ ಮೈಗೆ ಬೂತಾಯಿ ಮೀನಿನ ಎಣ್ಣೆ. ಆ ವಾಸನೆ ಬರೆಯಲಿಕ್ಕೆ ಆಗುವುದಿಲ್ಲ. ಒಂದು ವಾರ ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಕೆಲವರು ಗೇರುಬೀಜದ ಸಿಪ್ಪೆಯ ಎಣ್ಣೆಯೂ ಬಳಿಯುತ್ತಿದ್ದರು. ಅದು ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ, ಗೆದ್ದಲು ಹತ್ತಿರ ಬರುವುದಿಲ್ಲ. ತಳಕ್ಕೆ ಮರುವಾಯಿ ಚಿಪ್ಪಿನ ಸುಣ್ಣ, ಎಣ್ಣೆ ಸೇರಿಸಿ ಕಲಸಿದ ಬಿಳಿ ಮುದ್ದೆ. ಅಂಗೈಯಲ್ಲೇ ಮೆತ್ತುವುದು, ಬ್ರಷ್ ಗಿಷ್ ಎಂತದ್ದೂ ಇಲ್ಲ. ಸುಣ್ಣ ತಿಂದು ಕೈಗೆರೆ ಎಲ್ಲ ಬಿರುಕು.

ಈಗ ಯುದ್ಧನೌಕೆ. ಅವರದ್ದೂ ತಳ ಬಿಳಿಯೇ ಇತ್ತು, ತುಂಬಾ ಕಾಲ. ತಿಮಿಂಗಿಲದ ಎಣ್ಣೆ, ರಾಳ, ಗಂಧಕ ಕುದಿಸಿದ ಬಿಳಿ ಲೇಪ. ದುಡ್ಡಿಗೆ ಕಡಿಮೆಯಾದರೆ ಬರೀ ಡಾಂಬರಿನ ಕಪ್ಪು ಲೇಪ. ಎರಡೂ ಮರ ಕೊರೆಯುವ ಹುಳುವಿಗೆ ಹೆದರಿ. ಆ ಹುಳು ನೀವು ನೋಡಿದ್ದೀರಾ? ನೋಡಲಿಕ್ಕೆ ಹುಳು, ಅಸಲಿಗೆ ಅದೂ ಮರುವಾಯಿಯ ಜಾತಿಯೇ. ಹೊರಗೆ ಸೂಜಿ ತೂತು, ಒಳಗೆ ಬೆರಳು ಹೋಗುವಷ್ಟು ಸುರಂಗ. ಹಲಗೆ ಹೊರಗಿನಿಂದ ಹೊಸದರ ಹಾಗೆ ಇರುತ್ತದೆ, ಕಾಲಿಟ್ಟರೆ ರಸ್ಕಿನ ಹಾಗೆ ಪುಡಿ.

1761ರಲ್ಲಿ ಅಲಾರ್ಮ್ ಅಂತ ಒಂದು ಫ್ರಿಗೇಟಿನ ತಳಕ್ಕೆ ತಾಮ್ರದ ತಗಡು ಹೊದಿಸಿ ನೋಡಿದರು. ಹುಳು ಇಲ್ಲ, ಪಾಚಿ ಇಲ್ಲ. ಆದರೆ ತಾಮ್ರ ತಾಗಿದ ಕಡೆ ಕಬ್ಬಿಣದ ಮೊಳೆ ಎಲ್ಲ ತಿಂದು ಹೋಗಿತ್ತು. ಹಾಗಿದ್ದೂ 1780ರ ಹೊತ್ತಿಗೆ ಇಡೀ ನೌಕಾಪಡೆಗೆ ಹೊದಿಸಿದರು, ವಿಕ್ಟರಿಗೂ ಆಗಲೇ. ಮೊಳೆ ಬೋಲ್ಟು ಎಲ್ಲ ತಾಮ್ರದ ಬೆರಕೆಗೆ ಬದಲಾಯಿತು. ನಿಮ್ಮ ಟ್ರಿಂಕೋಮಲಿಯ ತಳಕ್ಕೆ ಬಣ್ಣ ಬಳಿದರೆ ತಪ್ಪು ಅಣ್ಣ. ತಾಮ್ರವೇ ಬೇಕು.

ನಿಮ್ಮ ಸಾಗುವಾನಿ ಸಂಕಟ ನನಗೆ ಅರ್ಥ ಆಗುತ್ತದೆ. ಆದರೆ ಹಡಗಿನವರಿಗೆ ಸಾಗುವಾನಿ ಚಂದಕ್ಕೆ ಬೇಕಾದ್ದಲ್ಲ. ಅವರ ಓಕ್ ಮರದಲ್ಲಿ ಹುಳಿ ಉಂಟು, ಕಬ್ಬಿಣ ತಿನ್ನುತ್ತದೆ. ಸಾಗುವಾನಿಯಲ್ಲಿ ಎಣ್ಣೆ ಉಂಟು, ಕಬ್ಬಿಣ ಕಾಯುತ್ತದೆ. ಅದಕ್ಕೇ ಬೊಂಬಾಯಿ ಹಡಗಿಗೆ ಆಯುಷ್ಯ ಜಾಸ್ತಿ. ನಮ್ಮ ಮಂಜಿಯಲ್ಲೂ ಯಾರೂ ಮರದ ಚಂದ ನೋಡಿದ್ದಿಲ್ಲ. ಎಣ್ಣೆ ಕುಡಿದು ಕುಡಿದು ಅದು ಎಮ್ಮೆಯ ಮೈ ಆಗಿರುತ್ತಿತ್ತು.


ಚಿತ್ರಾ ಮಣಿಪಾಲ (ಜುಲೈ 26, ಮಧ್ಯಾಹ್ನ 1:15)

ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಹಡಗು ಗೊತ್ತಿಲ್ಲ, ಬಣ್ಣ ಸ್ವಲ್ಪ ಗೊತ್ತು. ಮೇಷ್ಟ್ರು ಹೇಳಿದ ಪದರ ನೋಡುವ ವಿದ್ಯೆಗೆ ಇನ್ನೊಂದು ಕಥೆ ಸೇರಿಸುತ್ತೇನೆ.

ಸ್ವೀಡನ್ನಿನ ವಾಸಾ ಹಡಗು. 1628ರ ಆಗಸ್ಟ್ 10ಕ್ಕೆ ಹೊಸ ಹಡಗು ಸ್ಟಾಕ್‌ಹೋಮ್ ಬಂದರಿನಿಂದ ಹೊರಟಿತು. ಒಂದೂವರೆ ಕಿಲೋಮೀಟರ್ ಕೂಡಾ ಹೋಗಲಿಲ್ಲ, ಗಾಳಿಗೆ ವಾಲಿ ಮುಳುಗಿತು. 1961ರಲ್ಲಿ ಮೇಲೆತ್ತಿದರು. ಅಲ್ಲಿನ ಸಮುದ್ರದಲ್ಲಿ ಉಪ್ಪು ಕಡಿಮೆ, ಹಾಗಾಗಿ ಬಂದರ್ ಹುಡುಗ ಹೇಳಿದ ಹುಳು ಅಲ್ಲಿ ಬದುಕುವುದಿಲ್ಲ. ಮರ ಉಳಿಯಿತು, ಬಣ್ಣ ಹೋಗಿತ್ತು. ಅದರ ಮೈ ತುಂಬಾ ಕೆತ್ತನೆ: ಸಿಂಹ, ರೋಮನ್ ಚಕ್ರವರ್ತಿಗಳು, ಮತ್ಸ್ಯಕನ್ಯೆಯರು, ನೂರಾರು ಗೊಂಬೆ. ನೀಲಿ ಹಿನ್ನೆಲೆ, ಮೇಲೆ ಚಿನ್ನದ ಗೊಂಬೆ ಅಂತ ಎಷ್ಟೋ ವರ್ಷ ಎಲ್ಲರೂ ನಂಬಿದ್ದರು. ಆಮೇಲೆ ಮರದ ನಾರಿನ ಸಂದಿಯಲ್ಲಿ ಉಳಿದ ಬಣ್ಣದ ಕಣ ಹುಡುಕಿ ನೋಡಿದರೆ ಹಿನ್ನೆಲೆ ಕೆಂಪು! ಗೊಂಬೆಗಳಿಗೆ ಮೈಬಣ್ಣ, ಹಸಿರು, ಹಳದಿ, ಬಟ್ಟೆಗೆ ಬೇರೆ, ಗಡ್ಡಕ್ಕೆ ಬೇರೆ.

ಬಣ್ಣ ಬಳಿದ ಅದರ ಮಾದರಿಯ ಫೋಟೋ ನೋಡಿದಾಗ ನನಗೆ ತಟ್ಟನೆ ನೆನಪಾದದ್ದು ಶಿರಿಯಾರದ ಮೆಕ್ಕೆಕಟ್ಟು ದೇವಸ್ಥಾನ. ಅಲ್ಲಿನ ಮರದ ಉರುಗಳನ್ನು, ಅಂದರೆ ದೈವದ ಗೊಂಬೆಗಳನ್ನು, ನೋಡಿದವರಿಗೆ ಗೊತ್ತು. ದೊಡ್ಡ ಕಣ್ಣು, ಕೆಂಪು ಮೈ, ಒಂಚೂರೂ ನಾಚಿಕೆ ಇಲ್ಲದ ಬಣ್ಣ. ನಾವು ಈಗ ಪಾಲಿಶ್ ಹಾಕಿದ ಬರೀ ಮರ ನೋಡಿ "ಎಷ್ಟು ಚಂದ" ಅನ್ನುತ್ತೇವೆ. ವಾಸಾ ಕೆತ್ತಿದವ ಅದನ್ನು ನೋಡಿದ್ದರೆ ಕೆಲಸ ಇನ್ನೂ ಮುಗಿದಿಲ್ಲ ಅನ್ನುತ್ತಿದ್ದ.

ಇಷ್ಟು ಹೇಳಿ ನಿಮ್ಮ ಪರವಾಗಿಯೂ ಒಂದು ಮಾತು. 17, 18ನೇ ಶತಮಾನದಲ್ಲಿ ಇಂಗ್ಲಿಷ್ ನೌಕಾಪಡೆಗೆ ಮಾಡಿದ ಮಾದರಿ ಹಡಗುಗಳು ಉಂಟು. ಅವುಗಳಲ್ಲಿ ತುಂಬಾದಕ್ಕೆ ಕೆಳಗೆ ಹಲಗೆಯೇ ಹೊದಿಸಿಲ್ಲ. ಪಕ್ಕೆಲುಬು ಎಲ್ಲ ಕಾಣುತ್ತದೆ, ಬರೀ ಮರ. ಹಾಗಾಗಿ ಹಡಗಿಗೆ ಬಣ್ಣ ಬೇಕು ಅಂದರೂ ಮಾದರಿಗೆ ಬೇಕೇ ಬೇಕು ಅಂತ ಇಲ್ಲ.


ಕಲ್ಯಾಣಪುರದವ (ಜುಲೈ 27, ಸಂಜೆ 5:30)

ಅಬ್ಬಾ! ಒಂದು ಪ್ರಶ್ನೆ ಕೇಳಿದ್ದಕ್ಕೆ ಇಷ್ಟೆಲ್ಲಾ. ಎಲ್ಲರಿಗೂ ಉಪಕಾರ ಆಯಿತು.

ಮೇಷ್ಟ್ರೇ, ಪಾಲಿಶ್ ಸರಿಯಾಯಿತು. ಮೊನ್ನೆ ಅರ್ಧ ದಿನ ಬಿಸಿಲು ಬಂತು. ಸಾಲದ್ದಕ್ಕೆ ಅಟ್ಟದಿಂದ ಹಳೇ 60ರ ಬಲ್ಬು ಹುಡುಕಿ ತೆಗೆದೆ. ಒರೆಸಿದ ಹಾಗೆ ಬೆಳ್ಳಗಿನದ್ದು ಹಿಂದೆ ಸರಿಯುತ್ತಾ ಹೋಯಿತು, ಬೆಳಿಗ್ಗೆ ಗದ್ದೆಯ ಮಂಜು ಕರಗಿದ ಹಾಗೆ. ಕೆಳಗಿನಿಂದ ಮತ್ತೆ ಬೆಲ್ಲ.

ಹಳದಿಯೂ ಅಲ್ಲ ಗುಲಾಬಿಯೂ ಅಲ್ಲ ಅಂತ ನೀವು ಬರೆದದ್ದನ್ನು ಇಡೀ ದಿನ ತಲೆಯಲ್ಲಿ ಇಟ್ಟುಕೊಂಡು ತಿರುಗಿದೆ. ನಿನ್ನೆ ಬೆಳಿಗ್ಗೆ ಸ್ನಾನ ಮಾಡಿ ನಾಮ ಹಚ್ಚಿಕೊಂಡೆ. ಒಣಗಿದ ಮೇಲೆ ಕನ್ನಡಿ ನೋಡಿದೆ. ಇದೇ ಬಣ್ಣ! ಗೋಪಿಚಂದನ! ಹಸಿ ಇರುವಾಗ ಗಾಢ, ಒಣಗಿದರೆ ತಿಳಿ. ಫೋನಿನಲ್ಲಿ ವಿಕ್ಟರಿಯ ಹೊಸ ಫೋಟೋ ತೆಗೆದು ಹಣೆಯ ಹತ್ತಿರ ಹಿಡಿದು ನೋಡಿದೆ. ಇವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಎಂತ ಹೇಳುವುದು.

ನಮ್ಮ ಉಡುಪಿಗೆ ಕೃಷ್ಣ ಬಂದದ್ದೇ ಹಡಗಿನ ಗೋಪಿಚಂದನದ ಗಡ್ಡೆಯೊಳಗೆ ಅಲ್ವಾ. ಮಲ್ಪೆಯಲ್ಲಿ ಬಿರುಗಾಳಿಗೆ ಸಿಕ್ಕ ಹಡಗು, ದಡದಲ್ಲಿ ಮಧ್ವಾಚಾರ್ಯರು, ಬೀಸಿದ ಬಟ್ಟೆ. ಸಣ್ಣದಿರುವಾಗಿಂದ ಕೇಳಿದ ಕಥೆ. ಆ ಹಡಗಿನ ಹೊಟ್ಟೆಯಲ್ಲಿ ಇದ್ದ ಬಣ್ಣವೇ ನೆಲ್ಸನ್‌ನ ಹಡಗಿನ ಮೈಮೇಲೆ! ಸಂಬಂಧ ಎಂತದ್ದೂ ಇಲ್ಲ, ಗೊತ್ತು. ಸುಮ್ನೆ ಖುಷಿಯಾಯಿತು.

ಒಂದು ಗಡ್ಡೆ ತೇಯ್ದು ಎಣ್ಣೆಯಲ್ಲಿ ಕಲಸುವ ಅಂತ ಹೊರಟೆ. ಇವಳು ಬಿಡಲಿಲ್ಲ. "ದೇವರ ವಸ್ತು. ತೋಪಿನ ಹಡಗಿಗೆ ಬಳಿಯುತ್ತೀರಾ?" ಅಂದಳು. ನ್ಯಾಯವೇ. ಪೇಂಟ್ ಅಂಗಡಿಯಿಂದ ಹಳದಿ ಮಣ್ಣಿನ ಪುಡಿ, ಸ್ವಲ್ಪ ಬಿಳಿ, ಡಬಲ್ ಬಾಯಿಲ್ಡ್ ಲಿನ್ಸೀಡ್ ಎಣ್ಣೆ ತಂದೆ. ಕೆಂಪಿಗೆ ಒಂದು ಚಿಟಿಕೆ ಕಾವಿ. ಹಣೆ ನೋಡಿ ನೋಡಿ ಬಣ್ಣ ಕೂಡಿಸಿದೆ. ನಾಲ್ಕನೇ ಸಲಕ್ಕೆ ಸರಿಯಾಯಿತು.

ಟೀಚರೇ, ನಿಮ್ಮ ಮಾತೇ ದಾರಿ ತೋರಿಸಿತು. ಎಡಬದಿಗೆ ಬಣ್ಣ, ಬಲಬದಿಗೆ ಬರೀ ಮರ. ಶೋಕೇಸಿನಲ್ಲಿ ಬೇಕಾದ ಹಾಗೆ ತಿರುಗಿಸಿ ಇಡಬಹುದು. 1817ಕ್ಕೆ ಹಳದಿಯೂ ನಡೆಯುತ್ತದೆ ಅಂತ ಮೇಷ್ಟ್ರೇ ಹೇಳಿದ ಮೇಲೆ ಧೈರ್ಯ ಬಂತು.

ಹಡಗಿನ ಅಟ್ಟದ (ಡೆಕ್) ಹಲಗೆಗೆ ಎಂತ ಮಾಡಲಿ? ಪಾಲಿಶ್ ಹಾಕಲಾ?


ಸುರತ್ಕಲ್ ಮೇಷ್ಟ್ರು (ಜುಲೈ 27, ರಾತ್ರಿ 8:05)

ಅಟ್ಟಕ್ಕೆ ಎಂತದ್ದೂ ಬೇಡ. ಹೊಳಪು ಇದ್ದರೆ ನಾವಿಕ ಜಾರಿ ಬೀಳುತ್ತಾನೆ. ದಿನಾ ಬೆಳಿಗ್ಗೆ ನೀರು, ಮರಳು ಹಾಕಿ ಮೆದು ಕಲ್ಲಿನಲ್ಲಿ ಮಂಡಿಯೂರಿ ತಿಕ್ಕುತ್ತಿದ್ದರು. ತಿಕ್ಕಿ ತಿಕ್ಕಿ ಬಿಸಿಲಿಗೆ ಬೂದು ಬಿಳುಪು ಆಗಿರುತ್ತಿತ್ತು. ನೀವು ಸಣ್ಣ ಮರಳು ಕಾಗದದಲ್ಲಿ ಉಜ್ಜಿ ಬಿಡಿ.

ಹಗ್ಗಕ್ಕೆ ಎಲ್ಲಾ ಕಡೆ ಕಪ್ಪು ನೂಲು ಹಾಕಬೇಡಿ, ಹೆಚ್ಚಿನವರು ಮಾಡುವ ತಪ್ಪು ಅದು. ಕೂವೆಮರ ಹಿಡಿದು ನಿಲ್ಲಿಸುವ ಹಗ್ಗಕ್ಕೆ ಮಾತ್ರ ಡಾಂಬರು, ಅದು ಕಪ್ಪು. ಹಾಯಿ ಎಳೆಯುವ ಹಗ್ಗ ರಾಟೆಯಲ್ಲಿ ಓಡಬೇಕು, ಅದು ತಿಳಿ ಕಂದು. ತೆಂಗಿನ ನಾರಿನ ಹುರಿ ಇರುತ್ತದಲ್ಲ, ಅದಕ್ಕಿಂತ ಒಂಚೂರು ತಿಳಿ.


ಬಂದರ್ ಹುಡುಗ (ಜುಲೈ 27, ರಾತ್ರಿ 10:48)

ಅಣ್ಣ, ತಾಮ್ರ ಎಲ್ಲಿಂದ ತರುತ್ತೀರಿ? ಅಸಲು ತಗಡು 4 ಅಡಿ ಉದ್ದ, 14 ಇಂಚು ಅಗಲ. ನಿಮ್ಮ ಲೆಕ್ಕಕ್ಕೆ 12 ಮಿಲಿಮೀಟರ್ ಉದ್ದ, ಮೂರೂವರೆ ಅಗಲ. ಹಿಂದಿನಿಂದ ಮುಂದಕ್ಕೆ, ಕೆಳಗಿನಿಂದ ಮೇಲಕ್ಕೆ ಅಂಟಿಸುತ್ತಾ ಬನ್ನಿ. ಮುಂದಿನ ತಗಡು ಹಿಂದಿನದರ ಅಂಚಿನ ಮೇಲೆ ಕೂರಬೇಕು, ನೀರು ಸಂದಿಗೆ ನುಗ್ಗಬಾರದು. ಹಂಚು ಹೊದಿಸುವ ಲೆಕ್ಕವೇ, ಆದರೆ ಅಡ್ಡಕ್ಕೆ.

ಬ್ರಾಸೋ ಹಾಕಿ ಫಳಫಳ ಮಾಡಬೇಡಿ ಮತ್ತೆ. ನೀರಿಗಿಳಿದ ಸ್ವಲ್ಪ ದಿನದಲ್ಲೇ ಅದು ಕಂದು, ಆಮೇಲೆ ಹಸಿರು.


ಸುರತ್ಕಲ್ ಮೇಷ್ಟ್ರು (ಜುಲೈ 28, ಬೆಳಿಗ್ಗೆ 6:00)

ಆ ಹಸಿರೇ ಅದರ ಶಕ್ತಿ. ತಾಮ್ರ ಸ್ವಲ್ಪ ಸ್ವಲ್ಪ ಕರಗುತ್ತಾ ಹೋಗುವುದರಿಂದಲೇ ಚಿಪ್ಪು, ಪಾಚಿ ಅಂಟುವುದಿಲ್ಲ. 1824ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ತಾಮ್ರ ಸವೆಯದ ಹಾಗೆ ಸತು, ಕಬ್ಬಿಣದ ತುಂಡು ಜೋಡಿಸಿ ಕಾಪಾಡಿದ. ರಸಾಯನಶಾಸ್ತ್ರದ ಪ್ರಕಾರ ಪೂರ್ತಿ ಸರಿ. ತಾಮ್ರ ಒಂಚೂರೂ ಸವೆಯಲಿಲ್ಲ. ತಳದ ತುಂಬಾ ಚಿಪ್ಪು ಬೆಳೆಯಿತು. ಪಾಪ. ಈ ಪಾಠ ಮಾಡುವಾಗ ಪ್ರತಿ ವರ್ಷ ಹಿಂದಿನ ಬೆಂಚಿನವರೂ ನಗುತ್ತಿದ್ದರು.


ಕಲ್ಯಾಣಪುರದವ (ಆಗಸ್ಟ್ 3, ರಾತ್ರಿ 9:10)

ತಾಮ್ರದ ಅಂಟು ಪಟ್ಟಿ ಸಿಕ್ಕಿತು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ. ಕತ್ತರಿಯಲ್ಲಿ ಕತ್ತರಿಸಿದರೆ ಅಂಚು ಮುದುಡುತ್ತದೆ. ಬ್ಲೇಡು ಮತ್ತು ಸ್ಟೀಲ್ ಸ್ಕೇಲು ಹಿಡಿದು ಕೂತಿದ್ದೇನೆ. ಇವತ್ತಿಗೆ 340 ತುಂಡು ಆಯಿತು. ಸಾವಿರ ದಾಟುತ್ತದೆ. ಮೊಮ್ಮಗ ಒಂದೊಂದರಲ್ಲೂ ಪೆನ್ನಿನ ಮೊನೆಯಿಂದ ಮೊಳೆಯ ಗುರುತು ಒತ್ತುತ್ತಾನೆ, ಹತ್ತು ತುಂಡಿಗೆ ಒಂದು ರೂಪಾಯಿ ಕೂಲಿ.

ಎಡಬದಿಯ ಬಣ್ಣ ಬಳಿದು ಇವತ್ತಿಗೆ ಆರು ದಿನ. ಈ ಮಳೆಯಲ್ಲಿ ಇನ್ನೂ ಪೂರ್ತಿ ಒಣಗಿಲ್ಲ. ಬೆರಳಿಟ್ಟರೆ ಮೆಲ್ಲ ಅಂಟುತ್ತದೆ. ಮೂರನೇ ತೋಪಿನ ಕಿಂಡಿಯ ಕೆಳಗೆ ಒಂದು ನೊಣ ಕೂತು ಅಲ್ಲೇ ಸತ್ತಿದೆ. ತೆಗೆಯಲಿಕ್ಕೆ ಹೋದರೆ ಬಣ್ಣ ಏಳುತ್ತದೆ. ಒಣಗುವವರೆಗೆ ಅದೂ ಅಲ್ಲೇ ಇರಲಿ ಅಂತ ಬಿಟ್ಟಿದ್ದೇನೆ.